ದಾರಿಯಲ್ಲಿ ಸೋರಿದ ನಿಮಿಷಗಳು

ನಮ್ಮಪ್ಪ ಮೈಲಪ್ಪನಿಗೆ ಕುರಿ ಕಾಯುವುದೆಂದರೆ ಕೀಳು ಕೆಲಸ. ಅದಕ್ಕೇ ನಮ್ಮಣ್ಣ ಮೈಲಾರೇಶನನ್ನು ಕುರಿ ಕಾಯಲು ಓಮಾನ್ ದೇಶಕ್ಕೆ ಕಳಿಸಿದ. ನಮ್ಮೂರು ಮಾಗಳದ ಹೊಳೆದಂಡೆಯಲ್ಲಿ ಕುರಿ ಹಿಂದೆ ಓಡಾಡಿದರೆ ಅವನು ಬರೀ ಮೈಲಪ್ಪನ ಮಗ. ಅವೇ ಕುರಿಗಳ ಹಿಂದೆ ಮರಳಿನಲ್ಲಿ ಓಡಾಡಿದರೆ ಫಾರಿನ್ ಹುಡುಗ. ಕಟ್ಟೆಯ ಮೇಲೆ ಯಾರಾದರೂ ಮಗ ಎಲ್ಲಿದ್ದಾನೆಂದು ಕೇಳಿದರೆ ಅಪ್ಪ ಮೀಸೆ ಸವರಿಕೊಂಡು “ಫಾರಿನ್ನಾಗ ಅದಾನ” ಅನ್ನುತ್ತಾನೆ. ಅಲ್ಲಿ ಏನು ಮಾಡುತ್ತಾನೆಂದು ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಅವನಿಗೆ ಹೊಲದಲ್ಲಿ ಅರ್ಜೆಂಟ್ ಕೆಲಸ ನೆನಪಾಗಿರುತ್ತದೆ.

ನಾನು ಅವನ ಮಗಳು ಭೂಮಿಕಾ. ಹಡಗಲಿಯಲ್ಲಿ ಬಿ.ಕಾಂ. ಎರಡನೇ ವರ್ಷ. ಬಾಯಿ ಜೋರು ಎಂದು ಓಣಿಯಲ್ಲೆಲ್ಲ ಹೆಸರು ಮಾಡಿದ್ದೇನೆ, ಆ ಹೆಸರು ಕೆಡಿಸಿಕೊಳ್ಳುವ ಇರಾದೆ ನನಗಿಲ್ಲ.

ಅಣ್ಣನ ಜೊತೆ ಮಾತಾಡುವುದು ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುವ ಪೂಜೆ. ಅವನು ಮೊದಲು ಪಟ್ಟಣದ ಹತ್ತಿರ ಇದ್ದಾಗ ತಾನೇ ಫೋನು ಮಾಡುತ್ತಿದ್ದ. ಕಳೆದ ವರ್ಷ ಮಾಲೀಕ ಅವನನ್ನು ಒಳಗಿನ ಮರಳುಗಾಡಿಗೆ ಕಳಿಸಿದ ಮೇಲೆ ಅದು ನಿಂತಿತು. ಅಲ್ಲಿ ಇಂಟರ್ನೆಟ್ ಇಲ್ಲ, ಅವನ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು. ಕನ್ನಡದಲ್ಲಿ ಮೆಸೇಜು ಕಳಿಸಿದರೆ ಅದರಲ್ಲಿ ಬರೀ ಡಬ್ಬಿ ಡಬ್ಬಿ ಕಾಣುತ್ತವೆ, ಇಂಗ್ಲಿಷ್ ಅಕ್ಷರ ಅವನಿಗೆ ಬಾರದು. ಹೊರಗೆ ಫೋನು ಮಾಡುವಷ್ಟು ಕರೆನ್ಸಿಯನ್ನು ಮಾಲೀಕ ಹಾಕಿಸುವುದಿಲ್ಲ. ಶುಕ್ರವಾರ ಮಧ್ಯಾಹ್ನ ನೀರಿನ ಟ್ಯಾಂಕರಿನ ಹತ್ತಿರ ಬಂದಾಗ ಮಾತ್ರ ಸಿಗ್ನಲ್ಲು. ಆ ಹೊತ್ತಿಗೆ ನಾವು ಇಲ್ಲಿಂದ ಮಾಡಬೇಕು, ಅದಕ್ಕೆ ಹೊರದೇಶದ ಕಾಲಿಂಗ್ ಕಾರ್ಡು ಬೇಕು.

ಕಾರ್ಡಿನ ಆಯ್ಕೆಯಲ್ಲಿ ಅಪ್ಪನಷ್ಟು ಚುರುಕು ಮನುಷ್ಯ ಐದು ತಾಲ್ಲೂಕಿನಲ್ಲಿ ಇಲ್ಲ ಎಂದು ಅಪ್ಪನೇ ಹೇಳುತ್ತಾನೆ. ಹಡಗಲಿಯಲ್ಲಿ ವಿಚಾರಿಸಿದ, ಹಗರಿಬೊಮ್ಮನಹಳ್ಳಿಯಲ್ಲಿ ವಿಚಾರಿಸಿದ, ಹರಪನಹಳ್ಳಿಗೆ ಮದುವೆಗೆ ಹೋದವನು ಊಟಕ್ಕೂ ಕೂರದೆ ಮೊಬೈಲ್ ಅಂಗಡಿಗಳ ಬೋರ್ಡು ಓದಿಕೊಂಡು ಬಂದ. ಕೊನೆಗೆ ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರಿಗೆ ‘ಗ್ಲೋಬಲ್ ಗವಿ ಮೊಬೈಲ್ಸ್’ ಎಂಬ ಅಂಗಡಿಯಲ್ಲಿ ‘ಮರುಭೂಮಿ ಗೋಲ್ಡ್’ ಎಂಬ ಕಾರ್ಡು ಸಿಕ್ಕಿತು. ನಿಮಿಷಕ್ಕೆ ಬರೀ ಮೂರು ರೂಪಾಯಿ! ಉಳಿದ ಕಡೆ ಒಂಬತ್ತು. ನೂರು ರೂಪಾಯಿ ಕೊಟ್ಟರೆ ಮೂವತ್ತಮೂರು ನಿಮಿಷ. ಕಾರ್ಡಿನ ಮೇಲೆ ಒಂಟೆ ಬೇರೆ ನಗುತ್ತಿತ್ತು.

ಮಾಗಳದಿಂದ ಕೊಟ್ಟೂರಿಗೆ ಹೋಗಿ ಬರುವ ಬಸ್ ಚಾರ್ಜು ಲೆಕ್ಕ ಹಾಕಿದರೆ ಈ ಅಗ್ಗ ಎಲ್ಲಿಗೆ ಬಂತು ಎಂದು ನಾನು ಕೇಳಿದೆ. ಅಪ್ಪ ನನ್ನನ್ನು ಕನಿಕರದಿಂದ ನೋಡಿದ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹಾಗಾಗಿ ಪ್ರತಿ ಗುರುವಾರ ನಮ್ಮವ್ವ ಗಾದೆಮ್ಮ ಆಧಾರ್ ಕಾರ್ಡು ಹಿಡಿದು, ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಕೊಟ್ಟೂರಿಗೆ ಹೋಗಿ, ಬಸವೇಶ್ವರನಿಗೆ ಕೈಮುಗಿದು, ಒಂದು ನಗುವ ಒಂಟೆಯನ್ನು ತಂದು ಕೊಡುತ್ತಿದ್ದಳು. ಅವ್ವನ ಮೊಣಕಾಲಿಗೆ ಸರ್ಕಾರ ಟಿಕೆಟ್ ಹರಿಯುವುದಿಲ್ಲ, ಆದ್ದರಿಂದ ಅದು ಅಪ್ಪನ ಲೆಕ್ಕದಲ್ಲಿ ಇಲ್ಲ.

ಇನ್ನು ಮಾತಾಡುವ ಕ್ರಮ. ಅದೂ ಅಪ್ಪನದೇ ಕಾನೂನು. ಮೊದಲು ಅಪ್ಪ, ಆಮೇಲೆ ಅವ್ವ, ಆಮೇಲೆ ನಮ್ಮ ಕಾಕ ಯರ್ರೆಪ್ಪ, ಆಮೇಲೆ ನಾನು. ಎಲ್ಲರದೂ ಮುಗಿದ ಮೇಲೆ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ ಸೌಭಾಗ್ಯ. ಒಬ್ಬೊಬ್ಬರಿಗೆ ಒಂದೇ ನಿಮಿಷ, ಅಪ್ಪ ಎದುರಿಗೆ ಕೈಗಡಿಯಾರ ಹಿಡಿದು ಕೂರುತ್ತಾನೆ. ಒಬ್ಬರದು ಮುಗಿದ ಕೂಡಲೇ ಫೋನು ಕಟ್. ಮುಂದಿನವರು ಬಂದು ಕೂತು, ಗಂಟಲು ಸರಿಮಾಡಿಕೊಂಡ ಮೇಲೆ ಮತ್ತೆ ಹೊಸದಾಗಿ ಹಚ್ಚುವುದು. ಕಟ್ ಮಾಡದೆ ಕೈ ಬದಲಿಸಿದರೆ ಆ ನಡುವೆ ನಿಮಿಷ ಸುಮ್ಮನೆ ಉರಿಯುತ್ತದಂತೆ. ಅದರಲ್ಲೂ ಸೊಸೆಯ ಸರದಿ ಬಂದಾಗ ಫೋನನ್ನು ಮಾವ ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ಮಾವನ ಎದುರಿಗೆ ಸೊಸೆ ಗಂಡನ ಜೊತೆ ಮಾತಾಡುವ ಹಾಗೂ ಇಲ್ಲ. ಅಪ್ಪ ಫೋನು ಆರಿಸಿ, ದೇವರ ಗೂಡಿನಲ್ಲಿಟ್ಟು, ಚಪ್ಪಲಿ ಮೆಟ್ಟಿ, ಎರಡು ಸಲ ಕೆಮ್ಮಿ ಹೊರಗೆ ಹೋಗಬೇಕು. ಆಮೇಲೆ ನಾನು ಅದನ್ನು ಅತ್ತಿಗೆಗೆ ಹಚ್ಚಿಕೊಡಬೇಕು. ಮರ್ಯಾದಸ್ಥರ ಮನೆ ನಮ್ಮದು.

ಕಾರ್ಡಿನೊಳಗೆ ಒಬ್ಬ ಹೆಂಗಸಿದ್ದಾಳೆ. ನಂಬರು ಒತ್ತಿದ ಕೂಡಲೇ ಸಕ್ಕರೆ ದನಿಯಲ್ಲಿ ಉಳಿದ ನಿಮಿಷ ಹೇಳುತ್ತಾಳೆ. ಅಪ್ಪನ ಸರದಿಗೆ “ಮೂವತ್ತಮೂರು ನಿಮಿಷಗಳಿವೆ” ಅಂದಳು. ಅಪ್ಪ ಒಂದು ನಿಮಿಷ ಮಾತಾಡಿ ಕಟ್ ಮಾಡಿದ. ಅವ್ವನ ಸರದಿಗೆ “ಇಪ್ಪತ್ತು” ಅಂದಳು. ಕಾಕನಿಗೆ ಹದಿನಾಲ್ಕು. ನನಗೆ ಏಳು. ಅತ್ತಿಗೆ ಸೆರಗು ಸರಿಮಾಡಿಕೊಂಡು ಗೂಡಿನ ಕೆಳಗೆ ಬಂದು ಕೂತಾಗ ಅದೇ ಹೆಂಗಸು ಅದೇ ಸಕ್ಕರೆ ದನಿಯಲ್ಲಿ, “ಕ್ಷಮಿಸಿ, ಈ ಕರೆಗೆ ಸಾಕಾಗುವಷ್ಟು ಹಣವಿಲ್ಲ” ಅಂದಳು.

ಮೊದಲ ವಾರ ನಮಗೆಲ್ಲ ಆಶ್ಚರ್ಯ. ನಾಲ್ಕು ಮಂದಿ ನಾಲ್ಕು ನಿಮಿಷ ಮಾತಾಡಿದರೆ ಮೂವತ್ತಮೂರು ಹೇಗೆ ಖಾಲಿ? ಅಪ್ಪನಿಗೆ ಮಾತ್ರ ಗೊತ್ತಿತ್ತು.

“ಸಮುದ್ರ ದಾಟಿ ಹೋಗ್ಬೇಕಲ್ಲಬೇ, ದಾರ್ಯಾಗ ಸೋರ್ತೈತಿ. ಕಾಲುವಿ ನೀರು ಸೋರಂಗಿಲ್ಲೇನು? ಕೊನೀ ಹೊಲಕ್ಕ ಎಂದಾರ ಮುಟ್ಟೇತೇನು?”

ಕೊನೆಯ ಹೊಲ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿತ್ತು. ಒಂದು ವಾರವಲ್ಲ, ಎರಡು ವಾರವಲ್ಲ, ಹೆಚ್ಚುಕಡಿಮೆ ವರ್ಷವಿಡೀ ಹಾಗೇ ನಡೆಯಿತು. ನೂರರ ಮೇಲೆ ಒಂದು ರೂಪಾಯಿಯೂ ಹಾಕಬಾರದೆಂದು ಅಪ್ಪನ ಹಟ. ಸೊಸೆಯನ್ನು ಮೊದಲಿನ ಸರದಿಗೆ ತರಲು ಮರ್ಯಾದೆಯ ಅಡ್ಡಿ, ನನ್ನ ಸರದಿಯನ್ನೇ ಅವಳಿಗೆ ಬಿಡುತ್ತೇನೆಂದರೂ ಅಪ್ಪ ಒಪ್ಪಲಿಲ್ಲ. ಅತ್ತಿಗೆ ಮದುವೆಯಾಗಿ ಬಂದ ಆರು ತಿಂಗಳಿಗೇ ಅಣ್ಣ ವಿಮಾನ ಹತ್ತಿದ್ದ. ಈಗ ಅವಳಿಗೆ ಗಂಡನ ದನಿ ಅಂದರೆ ನಮ್ಮ ಸರದಿಯಲ್ಲಿ ಸ್ಪೀಕರಿನಿಂದ ಅಡುಗೆಮನೆಯವರೆಗೆ ಬಂದಷ್ಟೇ. ಅವಳ ದನಿ ಅವನಿಗೆ ಅಷ್ಟೂ ಇಲ್ಲ.

ಇದು ಹೀಗೇ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಅಣ್ಣನ ಎರಡು ವರ್ಷದ ಅಗ್ರಿಮೆಂಟು ಮುಗಿಯಲು ಬಂತು. ಮತ್ತೆ ಎರಡು ವರ್ಷಕ್ಕೆ ಸೈ ಹಾಕಿಸಿಕೊಳ್ಳಲು ಏಜೆಂಟು ಮುಂದಿನ ತಿಂಗಳ ಮೊದಲ ಶನಿವಾರ ಬರುತ್ತಾನೆ, ಬೇಡವಾದರೆ ವಾಪಸು ಟಿಕೆಟ್ ಕೊಡುತ್ತಾನೆ ಎಂದು ಅಣ್ಣ ಹೇಳಿದ. ಅಪ್ಪ ಕ್ಷಣವೂ ಯೋಚಿಸಲಿಲ್ಲ.

“ಹಾಕಪ್ಪ, ಹಾಕು. ಗೇಟು ಮಾಡಸ್ಬೇಕು, ಎರಡೂ ಕಡಿ ಸಿಂಹ ಕುಂದ್ರಸ್ಬೇಕು. ಹೊಳಿ ಆಚಿಗಿಂದ ಕಾಣ್ಬೇಕು ನಮ್ಮನಿ!”

ನಮ್ಮ ಮನೆಗೆ ಕಾಂಪೌಂಡೇ ಇಲ್ಲ. ಮಗ ಇನ್ನೆರಡು ವರ್ಷ ಮರಳಿನಲ್ಲಿ ಬೆಂದು ಎರಡು ಸಿಮೆಂಟು ಸಿಂಹಗಳನ್ನು ಸಾಕಬೇಕಿತ್ತು.

ಆ ದಿನ ನನ್ನ ಸರದಿಯಲ್ಲಿ ನಾನು ಅಪ್ಪನ ಕಣ್ಣು ಲೆಕ್ಕಿಸದೆ, “ಅಣ್ಣ, ಸೈ ಹಾಕೋ ಮೊದ್ಲು ಅತ್ತಿಗೀನ ಒಂದ್ ಮಾತು ಕೇಳು” ಅಂದೆ. ಅಣ್ಣನ ದನಿ ಗಡುಸಾಯಿತು.

“ಕೇಳಾಕ ಆಕಿ ನನ್ನ ಕೂಡ ಮಾತಾಡ್ಬೇಕಲ್ಲ? ಎಲ್ಲಾರೂ ಫೋನ್ ಹಚ್ತೀರಿ, ಆಕಿ ಒಂದಿನಾನೂ ಹಚ್ಚಲಿಲ್ಲ. ಆಕೀಗೆ ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ ಅನಸ್ತೈತಿ. ಬ್ಯಾಡ ಅನ್ನಂಗಿದ್ರ ಆಕೀನ ಬಾಯಿ ಬಿಟ್ಟು ಹೇಳ್ಲಿ. ಇಲ್ಲಾಂದ್ರ ನಾ ಇಲ್ಲೇ ಇರ್ತೀನಿ ತಗಾ.”

“ಕಾರ್ಡು ಖಾಲಿ ಆಗ್ತೈತೋ ಅಣ್ಣ” ಎಂದು ನಾನು ಹೇಳುವಷ್ಟರಲ್ಲಿ ಅಪ್ಪನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಿದ್ದಿತ್ತು.

ಅಡುಗೆಮನೆಗೆ ಹೋದೆ. ಅತ್ತಿಗೆ ಹೆಂಚಿನ ಮೇಲೆ ರೊಟ್ಟಿ ಸುಟ್ಟು ಕಪ್ಪಾಗುವವರೆಗೂ ನೋಡುತ್ತ ಕೂತಿದ್ದಳು. ಎಲ್ಲ ಕೇಳಿಸಿತ್ತು.

“ನಾನ ಹೇಳ್ಲೇನು, ಮುಂದಿನ ವಾರ? ಅತ್ತಿಗಿ ಬಾ ಅಂತಾಳ ಅಂತ?”

“ಬ್ಯಾಡ. ನೀ ಹೇಳಿದ್ರ ನೀನ ಕಟ್ಟಿ ಹೇಳಿದಿ ಅಂತಾರ. ಬಾಯಿ ಬಿಟ್ಟು ಹೇಳ್ಲಿ ಅಂದ್ರಲ್ಲ? ನಾನ ಹೇಳ್ಬೇಕು” ಎಂದಳು. ಆಮೇಲೆ ಮೆಲ್ಲಗೆ, “ಆದ್ರ ಯಾವಾಗ ಹೇಳ್ಲಿ?” ಎಂದು ಕೇಳಿದಳು.

ಏಜೆಂಟು ಬರುವ ಶನಿವಾರದ ಹಿಂದಿನ ಗುರುವಾರ ನಾನು ಕಾಲೇಜು ಬಿಟ್ಟು ಅವ್ವನ ಜೊತೆ ಕೊಟ್ಟೂರಿಗೆ ಹೋದೆ. ಗ್ಲೋಬಲ್ ಗವಿ ಅಂಗಡಿ ಎತ್ತಿನಗಾಡಿಯಷ್ಟು ಅಗಲ ಇದೆ. ಗೋಡೆಗೆ ದುಬೈ ಕಟ್ಟಡ, ಕೌಂಟರಿನ ಮೇಲೆ ಚುರುಮುರಿಯ ಖಾಲಿ ಪೊಟ್ಟಣ, ಅದರ ಹಿಂದೆ ಮಾಲೀಕ ಗವಿಸಿದ್ದೇಶ್. ಹಣೆ ತುಂಬ ವಿಭೂತಿ, ಕಿವಿಯಲ್ಲಿ ಬ್ಲೂಟೂತು.

“ಅಣ್ಣಾರ, ಮೂವತ್ತಮೂರು ನಿಮಿಷ ಅಂತ ಬರದೀರಿ. ನಮ್ಮಪ್ಪ ಮಿನಿಟಿಗೊಮ್ಮೆ ಕಟ್ ಮಾಡಿ ಉಳಿಸಿದ್ರೂ ನಾಲ್ಕು ನಿಮಿಷಕ್ಕ ಖಾಲಿ ಆಗ್ತೈತಿ. ಉಳಿದಿದ್ದು ನಿಮ್ಮ ಒಂಟಿ ಕುಡೀತೇನ್ರಿ?”

“ಏ ತಂಗಿ, ಹಂಗೆಲ್ಲ ಅನ್ನಬ್ಯಾಡ. ನಮ್ದು ಎಲ್ಲಾ ಓಪನ್. ಹಿಂದ ಬರದೈತಿ ನೋಡು” ಎಂದ.

ಕಾರ್ಡಿನ ಹಿಂದೆ ಇರುವೆ ಸಾಲು ಹೋದ ಹಾಗೆ ಇಂಗ್ಲಿಷ್ ಅಕ್ಷರಗಳಿದ್ದವು. ಬರಿಗಣ್ಣಿಗೆ ಕಾಣಲಿಲ್ಲ. ನನ್ನ ಫೋನಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿದೆ. ಒಂದೊಂದೇ ಹೊರಗೆ ಬಂದವು. ಕಾರ್ಡು ಮೊದಲ ಸಲ ಬಳಸಿದ ಕೂಡಲೇ ಸೇವಾ ಶುಲ್ಕ ಇಪ್ಪತ್ತು ರೂಪಾಯಿ. ಪ್ರತಿ ಸಲ ಫೋನು ಕೂಡಿದ ಕೂಡಲೇ ಹತ್ತು ರೂಪಾಯಿ. ಮಾತಿನ ಲೆಕ್ಕ ಮೂರು ನಿಮಿಷಕ್ಕೊಮ್ಮೆ. ಒಂದು ನಿಮಿಷ ಮಾತಾಡಿ ಇಟ್ಟರೂ ಮೂರು ನಿಮಿಷದ್ದೇ ಕತ್ತರಿ. ಅಂದರೆ ಅಪ್ಪನ ಒಂದು ನಿಮಿಷಕ್ಕೆ ಮೂರು ರೂಪಾಯಿಯಲ್ಲ, ಹತ್ತೊಂಬತ್ತು. ಅವ್ವನ ಒಂದು ನಿಮಿಷಕ್ಕೆ ಇನ್ನೊಂದು ಹತ್ತೊಂಬತ್ತು. ನಾಲ್ಕು ಮಂದಿಯ ಊಟ ಆತಾ, ಮಳೆ ಬಂತಾ, ಆರಾಮ ಅದೀಯಾ ಮುಗಿಯುವಷ್ಟರಲ್ಲಿ ನೂರರಲ್ಲಿ ಉಳಿಯುವುದು ನಾಲ್ಕು ರೂಪಾಯಿ. ಅತ್ತಿಗೆಯ ಸರದಿಗೆ ಫೋನು ಕೂಡಿಸಲಿಕ್ಕೇ ಹತ್ತು ಬೇಕು.

“ಇದನ್ನ ಮುಂದ ಒಂಟಿ ಪಕ್ಕದಾಗ ದೊಡ್ಡದಾಗಿ ಬರಿಯಾಕ ಏನಾಗೇತ್ರಿ?”

“ಒಂಟೀಗೇ ಜಾಗ ಸಾಲಂಗಿಲ್ಲವಾ” ಎಂದು ನಕ್ಕ. ಆಮೇಲೆ ಕೌಂಟರಿನ ಮೇಲೆ ಬಾಗಿ, “ಖರೇ ಹೇಳ್ಲೇನು? ಒಂದ ಸಲ ಹಚ್ಚಿ ಕಟ್ ಮಾಡದಂಗ ಮಾತಾಡಿದ್ರ ಇಪ್ಪತ್ತೊಂದು ನಿಮಿಷ ಬರ್ತೈತಿ. ಆ ಒಂಬತ್ತು ರೂಪಾಯಿ ಕಾರ್ಡಿನಾಗ ಶುಲ್ಕ ಪಲ್ಕ ಏನೂ ಇಲ್ಲ, ಆದ್ರ ಬರೋದ ಹನ್ನೊಂದು ನಿಮಿಷ. ಉದ್ದಕ ಮಾತಾಡೋರಿಗೆ ಇದು ಚಲೋ, ತುಣುಕು ತುಣುಕು ಮಾತಾಡೋರಿಗೆ ಅದು ಚಲೋ. ಮಿನಿಟಿಗೊಮ್ಮೆ ಕಟ್ ಮಾಡಂತ ನಿಮ್ಮಪ್ಪಗ ನಾ ಹೇಳಿದ್ನೇನು?” ಎಂದ.

“ಇಪ್ಪತ್ತೊಂದಕ್ಕ ತೊಂಬತ್ತಮೂರ ಆತು. ಉಳಿದ ಏಳು ರೂಪಾಯಿ?”

“ಅದು ಕಂಪನಿಗೆ ದಕ್ಷಿಣಿ” ಎಂದು ವಿಭೂತಿ ಒರೆಸಿಕೊಂಡ. ಕಳ್ಳನೂ ಅವನೇ, ಲೆಕ್ಕ ಬಿಡಿಸಿ ತೋರಿಸುವವನೂ ಅವನೇ. ಇಂಥವನ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಒಂಬತ್ತು ರೂಪಾಯಿಯ ಕಾರ್ಡೇ ತಗೊಳ್ಳೋಣ ಎಂದು ನಾನಂದರೆ ಅವ್ವ ಸೆರಗಿನ ಗಂಟು ಗಟ್ಟಿಯಾಗಿ ಹಿಡಿದುಕೊಂಡಳು. “ನಿಮ್ಮಪ್ಪ ಒಂಟಿ ತರಾಕ ಹೇಳ್ಯಾನವಾ. ಒಂಟಿ ಇಲ್ಲದ ಹೋದ್ರ ಮನಿ ಹೊಗಿಸಿಕೊಳ್ಳಂಗಿಲ್ಲ.” ಒಂಟೆ ತಗೊಂಡೇ ಬಂದೆವು.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಇಷ್ಟೂ ಬಿಡಿಸಿ ಹೇಳಿದೆ. ಕಟ್ ಮಾಡಬೇಡ, ಒಬ್ಬರ ಕೈಯಿಂದ ಒಬ್ಬರಿಗೆ ಕೊಡು, ಎಲ್ಲರದೂ ಆಗಿ ಇನ್ನೂ ಉಳಿಯುತ್ತದೆ ಎಂದೆ. ಅಪ್ಪ ಪೂರ್ತಿ ಕೇಳಿದ. ಪೂರ್ತಿ ಕೇಳಿದವನು ಒಪ್ಪುತ್ತಾನೆಂದು ನಂಬುವಷ್ಟು ದಡ್ಡಿ ನಾನು.

“ಅಲ್ಲಬೇ, ಬಿಕಾಂ ಓದಸಿದ್ದು ಇದಕ್ಕೇನು? ಕಡಿಮಿ ಮಾತಾಡಿದ್ರ ಜಾಸ್ತಿ ಖರ್ಚು, ಜಾಸ್ತಿ ಮಾತಾಡಿದ್ರ ಕಡಿಮಿ ಖರ್ಚು ಅಂತೀಯಲ್ಲ? ದೀಪ ಆರಸಿದ್ರ ಎಣ್ಣಿ ಖರ್ಚು, ಹಚ್ಚಿಟ್ರ ಉಳಿತಾಯ! ಕಟ್ಟಿ ಮ್ಯಾಲ ಹೇಳಿದ್ರ ನಗ್ತಾರ. ಮತ್ತ, ಹಚ್ಚಿದ ಫೋನು ಸೊಸಿ ಕೈಯಾಗ ಕೊಡಬೇಕಂತ. ನಾ ಅಲ್ಲೇ ನಿಂತು ಗಂಡ ಹೆಂಡ್ತಿ ಮಾತು ಕೇಳ್ಬೇಕಂತ. ನಾಚಿಕಿ ಆಗ್ಬೇಕು ನಿನಗ.”

ನನಗೆ ನಾಚಿಕೆ ಆಗಲಿಲ್ಲ, ಅಳು ಬಂತು. ಒಳಗೆ ಹೋಗಿ ಅತ್ತಿಗೆಯ ಪಕ್ಕ ಕೂತೆ. ಅವಳು ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡಿದ್ದಳು. ತುಸು ಹೊತ್ತಾದ ಮೇಲೆ ತಲೆ ಎತ್ತದೇ ಕೇಳಿದಳು.

“ಭೂಮಿ, ಮಾವಾರು ಒಂದು ನಿಮಿಷ ಮಾತಾಡಿ ಕಟ್ ಮಾಡ್ತಾರಲ್ಲ. ಉಳಿದ ಎರಡು ನಿಮಿಷದ ರೊಕ್ಕಾನೂ ಹೋಗಿರ್ತೈತೇನು?”

“ಹೋಗಿರ್ತೈತಿ.”

“ಅಂದ್ರ ಆ ಎರಡು ನಿಮಿಷ ಯಾರ್ವು?”

“ಯಾರ್ವೂ ಅಲ್ಲ. ಕಂಪನೀವು.”

“ವರ್ಷ ಆತು, ಯಾರ್ವೂ ಅಲ್ಲದ ನಿಮಿಷ ಹೋಗಾಕತ್ತಾವು. ನಂಗೊಂದು ಸಿಗ್ಲಿಲ್ಲ” ಅಂದಳು. ರೊಟ್ಟಿ ತಟ್ಟುವ ಸದ್ದು ಆ ಸಂಜೆ ಓಣಿಯ ತುದಿಯವರೆಗೆ ಕೇಳಿರಬೇಕು.

ಶುಕ್ರವಾರ ಬಂತು. ಮರುದಿನ ಏಜೆಂಟು ಕಾಗದ ಹಿಡಿದು ಅಣ್ಣನ ಮುಂದೆ ನಿಲ್ಲುತ್ತಾನೆ. ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟು, ಕಾರ್ಡಿನ ಮೇಲಿನ ಒಂಟೆಯ ಹೊಟ್ಟೆ ಕೆರೆದು ಅದರಡಿಯ ಗುಪ್ತ ನಂಬರನ್ನು ನನ್ನ ಕೈಯಿಂದ ಒತ್ತಿಸಿದ. ಒಳಗಿನ ಹೆಂಗಸು ಯಥಾಪ್ರಕಾರ ಮೂವತ್ತಮೂರು ನಿಮಿಷವೆಂದು ಸುಳ್ಳು ಹೇಳಿದಳು. ಅವ್ವ ಎರಡನೇ ಸರದಿಗೆ ಕೂತಿದ್ದಳು. ಯರ್ರೆಪ್ಪ ಕಾಕ ಎಲೆಯಡಿಕೆ ಉಗುಳಿ ಬಾಯಿ ತೊಳೆದುಕೊಂಡು ಬಂದಿದ್ದ. ಸ್ಪೀಕರಿನಲ್ಲಿ ಅಣ್ಣನ ದನಿಯ ಹಿಂದೆ ಕುರಿಗಳು ಒದರುತ್ತಿದ್ದವು.

“ಹಲೋ, ಮೈಲಾರೇಶ. ಊಟ ಆತಾ? ಆತಲ್ಲ? ನಾಳಿ ಏಜೆಂಟ್ ಬರ್ತಾನ, ನೆನಪೈತಲ್ಲ? ಸೈ ಹಾಕಿಬಿಡು. ಸಿಂಹಕ್ಕ ಅಡ್ವಾನ್ಸ್ ಕೊಟ್ಟೀನಿ. ಹೂಂ, ಇಡ್ಲಾ?”

ಅಪ್ಪನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಂತು. ಅಷ್ಟರಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿ ಅತ್ತಿಗೆ ಬಂದಳು. ಕೈ ತುಂಬ ಜೋಳದ ಹಿಟ್ಟು. ನೆಟ್ಟಗೆ ಬಂದು ಬಗ್ಗಿ, ಮಾವನ ಬೆರಳಿನ ಕೆಳಗಿನಿಂದ ಫೋನು ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಒಲೆಯ ಮೇಲಿನಿಂದ ಬೋಗುಣಿ ಇಳಿಸಿಕೊಂಡಷ್ಟು ಸಹಜವಾಗಿ ತೆಗೆದುಕೊಂಡಳು. ಅಪ್ಪನ ಬೆರಳು ಬರೀ ಗಾಳಿಯನ್ನು ಒತ್ತಿತು.

“ಹಲೋ” ಎಂದಳು. “ಇಡಬ್ಯಾಡ್ರಿ. ಸೈ ಹಾಕಬ್ಯಾಡ್ರಿ, ಊರಿಗೆ ಬರ್ರಿ.”

ಆ ಕಡೆ ಕುರಿಗಳಷ್ಟೇ ಒದರಿದವು. ಆಮೇಲೆ ಅಣ್ಣ ಕೇಳಿದ.

“ಯಾರು?”

ಅತ್ತಿಗೆಯ ಮುಖದ ಮೇಲಿನ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ.

“ಯಾರು ಮಾತಾಡೋದು? ಭೂಮಿಕಾ ಏನು?”

“ಅಲ್ಲ” ಎಂದಳು ಅತ್ತಿಗೆ. ಮಾವ, ಚಿಕ್ಕಮಾವ, ಅತ್ತೆ ಎಲ್ಲರ ನಡುವೆ ನಿಂತು, ನಮ್ಮ ಮನೆಯಲ್ಲಿ ಯಾವ ಹೆಂಡತಿಯೂ ಆಡದ ಗಂಡನ ಹೆಸರನ್ನು ಆಡಿದಳು. “ನಾನು ಸೌಭಾಗ್ಯ. ಮೈಲಾರೇಶನ ಹೆಂಡ್ತಿ.”

ಅಪ್ಪ ಬಾಯಿ ತೆರೆದ. ಗಂಡನ ಹೆಸರು ಹೇಳಿದ್ದಕ್ಕೆ ಬೈಯುತ್ತಾನೆಂದು ನಾನು ಸೊಂಟ ಕಟ್ಟಿ ನಿಂತೆ. ಆದರೆ ನಮ್ಮಪ್ಪನನ್ನು ನಾನಿನ್ನೂ ಪೂರ್ತಿ ಅರಿತಿರಲಿಲ್ಲ.

“ಗಾದೆಮ್ಮಾ, ಆಕೀಗೆ ಕಟ್ ಮಾಡಾಕ ಹೇಳಲೇ! ಉರಿಯಾಕತ್ತೇತಿ!”

ಅವ್ವ ತನ್ನ ಜಾಗದಿಂದ ಏಳಲಿಲ್ಲ. ಎರಡೂ ಕೈಯಿಂದ ಮೊಣಕಾಲು ನೀವಿಕೊಳ್ಳುತ್ತ, “ಉರೀಲಿ ಬಿಡ್ರಿ” ಅಂದಳು.

ಆ ಕಡೆಯಿಂದ ಅಣ್ಣನ ದನಿ ಬಂತು, ಈಗ ಅದು ಅಪ್ಪನಿಗೆ ಉತ್ತರ ಕೊಡುವ ಫಾರಿನ್ ಹುಡುಗನ ದನಿಯಾಗಿರಲಿಲ್ಲ. “ಇಷ್ಟು ಹೇಳಾಕ ವರ್ಷ ಬೇಕಾತೇನ ನಿಂಗ?”

“ನಂಗಲ್ಲ, ಕಾರ್ಡಿಗೆ” ಎಂದಳು.

“ಹಾಕಂಗಿಲ್ಲ, ಸೈ ಹಾಕಂಗಿಲ್ಲ ನಾನು” ಎಂದು ಅಣ್ಣ ಎರಡೆರಡು ಸಲ ಹೇಳಿದ. “ಟಿಕೆಟ್ ಇಸಗೊಂಡು ಬರ್ತೀನಿ. ನೀ ಮಾತಾಡು. ಇಡಬ್ಯಾಡ.”

ಅವಳು ಸ್ಪೀಕರು ಆರಿಸಿ, ಫೋನು ಕಿವಿಗೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಳು. ಏನು ಮಾತಾಡಿದರೋ ನಮಗೆ ತಿಳಿಯದು. ನಮ್ಮಪ್ಪನ ಪಾಡು ಮಾತ್ರ ನೋಡುವ ಹಾಗಿತ್ತು. ಮರ್ಯಾದೆ ನೋಡಿದರೆ ಹೊರಗೆ ಹೋಗಬೇಕು. ಉರಿಯುತ್ತಿರುವ ಫೋನು ಬಿಟ್ಟು ಹೋಗಲು ಜೀವ ಒಲ್ಲದು. ಒಂದು ಚಪ್ಪಲಿ ಮೆಟ್ಟಿ, ಒಂದು ಕಾಲು ಹೊಸ್ತಿಲ ಹೊರಗೆ, ಒಂದು ಕಾಲು ಒಳಗೆ, ಗಡಿಯಾರ ನೋಡುವುದು, ಕೆಮ್ಮುವುದು, ಮತ್ತೆ ಗಡಿಯಾರ ನೋಡುವುದು. ಐದು ನಿಮಿಷವಾಯಿತು, ಹತ್ತಾಯಿತು. ಫೋನು ಉರಿಯುತ್ತಲೇ ಇತ್ತು, ಕಾರ್ಡು ಖಾಲಿಯಾಗಲಿಲ್ಲ. ಅಪ್ಪನ ಮುಖದಲ್ಲಿ ಲೆಕ್ಕ ತಪ್ಪಿದವನ ದಿಗಿಲು ಕಾಣಿಸಿತು. ಕಾಕ ಕಾದು ಕಾದು ಇನ್ನೊಂದು ಎಲೆ ಹಾಕಿಕೊಂಡ.

ಗ್ಲೋಬಲ್ ಗವಿ ಹೇಳಿದ ಇಪ್ಪತ್ತೊಂದು ನಿಮಿಷ ಮುಗಿದಾಗ ಫೋನು ತಾನಾಗಿಯೇ ನಿಂತಿತು. ಅತ್ತಿಗೆ ಕಣ್ಣು ಒರೆಸಿಕೊಂಡಳು, ಹಿಟ್ಟು ಕೆನ್ನೆಗೆ ಮೆತ್ತಿತು. ಎದ್ದು ಫೋನನ್ನು ಗೂಡಿನಲ್ಲಿಡಲಿಲ್ಲ, ಅಪ್ಪನ ಕೈಗೇ ಕೊಟ್ಟಳು. ಅಪ್ಪ ಗಡಿಬಿಡಿಯಿಂದ ಮತ್ತೆ ನಂಬರು ಒತ್ತಿಸಿದ. ಸಕ್ಕರೆ ದನಿಯ ಹೆಂಗಸು ಈ ಸಲ ಅಪ್ಪನಿಗೇ, “ಕ್ಷಮಿಸಿ, ಈ ಕರೆಗೆ ಸಾಕಾಗುವಷ್ಟು ಹಣವಿಲ್ಲ” ಅಂದಳು.

“ಸಿಂಹದ್ದು ಹೇಳೋದೈತಲ್ಲೇ ಇನ್ನೂ!” ಎಂದು ಅಪ್ಪ ಫೋನನ್ನು ಅಲುಗಾಡಿಸಿದ. “ಎಲ್ಲಿ ಹೋದ್ವು ನಿಮಿಷ?”

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತಿಗೆ ತಿರುಗಿ ನಿಂತಳು. ಮದುವೆಯಾಗಿ ಬಂದ ಮೇಲೆ ಮಾವನ ಜೊತೆ ನೇರವಾಗಿ ಆಡಿದ ಅವಳ ಮೊದಲ ಮಾತು ಅದು.

“ದಾರ್ಯಾಗ ಸೋರ್ತೈತ್ರಿ ಮಾವಾರ” ಅಂದಳು.